ಬೆಳಕಿಗೆ ಹಿಡಿದರೆ ಕಾಣುತ್ತಿತ್ತು

ಹೋದ ತಿಂಗಳು ನನ್ನ ಚಿತ್ರದ ಡಿಸಿಪಿ, ಅಂದರೆ ಥಿಯೇಟರಿಗೆ ಕಳಿಸುವ ಡಿಜಿಟಲ್ ಪ್ರತಿ, ಸಿದ್ಧವಾಯಿತು. 95 ನಿಮಿಷದ ಸಿನಿಮಾ. ಸೆಕೆಂಡಿಗೆ 24ರಂತೆ 1,36,800 ಫ್ರೇಮು. ಒಂದೊಂದನ್ನೂ ಜೆಪೆಗ್ 2000ಕ್ಕೆ ಇಳಿಸಿ, ಬಣ್ಣಗಳನ್ನು ಪ್ರೊಜೆಕ್ಟರಿನ ಲೆಕ್ಕಕ್ಕೆ ತಂದು, ಧ್ವನಿಯನ್ನು ಬೇರೆ ಫೈಲಾಗಿ ಜೊತೆಗೂಡಿಸಿ, ಕಂಪ್ಯೂಟರು ರಾತ್ರಿಯಿಡೀ ದುಡಿಯಿತು. ಬೆಳಿಗ್ಗೆ ಅಂಗೈಯಗಲದ ಹಾರ್ಡ್‌ಡಿಸ್ಕ್ ಕೈಗೆ ಬಂತು. ನನಗೇ ತಿಳಿಯದೆ ಅದನ್ನು ಕಿಟಕಿಯ ಬೆಳಕಿಗೆ ಎತ್ತಿದ್ದೆ.

ಇದೇ ಸಿನಿಮಾ 35 ಎಂಎಂ ಪ್ರಿಂಟಾಗಿದ್ದರೆ 8,550 ಅಡಿ, ಎರಡೂವರೆ ಕಿಲೋಮೀಟರಿಗೂ ಉದ್ದ. ಐದು ತಗಡಿನ ಡಬ್ಬ. ನಮ್ಮೂರ ಟಾಕೀಸಿಗೆ ಅಂಥ ಡಬ್ಬಗಳು ಬಸ್ಸಿನ ಟಾಪಿನ ಮೇಲೆ ಬರುತ್ತಿದ್ದವು. ಇಳಿಸುವಾಗಿನ ಢಣ್ ಸದ್ದಿಗೇ ಹೊಸ ಪಿಕ್ಚರ್ ಬಂತೆಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಆಪರೇಟರ್ ಮಾಮ ನನ್ನನ್ನು ಕ್ಯಾಬಿನ್ನಿನೊಳಗೆ ಬಿಡುತ್ತಿದ್ದರು. ಕಾರ್ಬನ್ ಕಡ್ಡಿಗಳು ಉರಿಯುವ ಸೆಕೆ, ಅವರ ಬನಿಯನ್ನು ಬೆನ್ನಿಗೆ ಅಂಟಿರುತ್ತಿತ್ತು. ಕಡ್ಡಿ ಸವೆದು ನಡುವಿನ ಅಂತರ ಹೆಚ್ಚಾದರೆ ಪರದೆ ಮಂಕಾಗುತ್ತಿತ್ತು, ಕೆಳಗಿನಿಂದ ಶಿಳ್ಳೆ ಏಳುತ್ತಿತ್ತು. ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತಿತ್ತು. ಎರಡನೇ ಮೆಷಿನ್ನಿನ ಮೋಟಾರು ಶುರು. ಏಳು ಸೆಕೆಂಡಿಗೆ ಇನ್ನೊಂದು ಚುಕ್ಕೆ; ಆ ಮೆಷಿನ್ನಿನ ಬೆಳಕು ಮುಚ್ಚಿ ಈ ಮೆಷಿನ್ನಿನ ಬೆಳಕು ತೆರೆಯಬೇಕು. ಆ ಏಳು ಸೆಕೆಂಡು ಮಾಮ ಯಾರ ಮಾತಿಗೂ ಓಗೊಡುತ್ತಿರಲಿಲ್ಲ.

ಫಿಲ್ಮು ಹರಿದರೆ ಬ್ಲೇಡಿನಿಂದ ಅಂಚು ಕೆರೆದು, ಫಿಲ್ಮ್ ಸಿಮೆಂಟೆಂಬ ಅಂಟು ಸವರಿ, ಹೆಬ್ಬೆರಳಲ್ಲಿ ಒತ್ತಿ ಹಿಡಿಯುತ್ತಿದ್ದರು. "ಮಾತು ಚಿತ್ರಕ್ಕಿಂತ 20 ಫ್ರೇಮು ಮುಂದೆ ಅಚ್ಚಾಗಿರುತ್ತೆ ಕಣೋ. ಇಲ್ಲಿ ಕತ್ತರಿಸಿದ್ರೆ ಇನ್ನೆಲ್ಲೋ ಯಾರದ್ದೋ ಮಾತು ನುಂಗಿ ಹೋಗುತ್ತೆ," ಎನ್ನುತ್ತಿದ್ದರು. ಸಂಕಲನದ ಮೊದಲ ಪಾಠ ನನಗೆ ಸಿಕ್ಕಿದ್ದು ಅಲ್ಲೇ.

ಡಿಜಿಟಲ್ ಬರದಿದ್ದರೆ ನನ್ನಂಥವನು ಸಿನಿಮಾ ಮಾಡುತ್ತಲೇ ಇರಲಿಲ್ಲ, ಅದೂ ನಿಜ. ಪ್ರಿಂಟು ಹಾಕಿಸುವ ದುಡ್ಡು ಎಲ್ಲಿಂದ ಬರಬೇಕಿತ್ತು? 2013ರಲ್ಲಿ ಜನರೇ ಹಣ ಹಾಕಿದ 'ಲೂಸಿಯಾ' ತೆರೆ ಕಂಡಾಗ ನನಗೂ ಧೈರ್ಯ ಬಂದಿತ್ತು. ಫ್ಯೂಜಿ ಕಂಪನಿ ಚಿತ್ರೀಕರಣದ ಫಿಲ್ಮು ತಯಾರಿಸುವುದನ್ನು ನಿಲ್ಲಿಸಿದ್ದೂ ಅದೇ ವರ್ಷ. ಬಾಗಿಲು ತೆರೆದ ಸಂತೋಷದಲ್ಲಿ ಆ ಸುದ್ದಿಯನ್ನು ನಾನು ಪೂರ್ತಿ ಓದಲೂ ಇಲ್ಲ. ಈಗ ಸಂಕಟವಾಗುತ್ತದೆ.

ಟ್ರಯಲ್ ಶೋ ದಿನ ಕ್ಯಾಬಿನ್ನಿಗೆ ಹೋಗಿದ್ದೆ. ಎಸಿ ಗಾಳಿ, ಸರ್ವರಿನ ಗುಂಯ್‌ಗುಡುವಿಕೆ. ಸಮಯ ಮೊದಲೇ ಹಾಕಿಟ್ಟಿದ್ದರು, ಸಿನಿಮಾ ತಾನೇ ಶುರುವಾಯಿತು. ಬಿಂಬದಲ್ಲಿ ಒಂದು ಗೀರಿಲ್ಲ, ಒಂದು ನಡುಕವಿಲ್ಲ. ಇಷ್ಟು ಚೆನ್ನಾಗಿ ನಮ್ಮೂರ ಟಾಕೀಸು ಯಾವತ್ತೂ ತೋರಿಸಿರಲಿಲ್ಲ. ಆದರೆ ಗೋಡೆಯ ಆ ಸಣ್ಣ ಕಿಂಡಿಯಿಂದ ಪರದೆಯನ್ನೇ ನೋಡುತ್ತ ನಿಂತವರು ಯಾರೂ ಇರಲಿಲ್ಲ. ನಾನೇ ಹೋಗಿ ನಿಂತೆ.

ಮಾಮ ಕೊಟ್ಟ ಒಂದು ಫಿಲ್ಮ್ ತುಂಡು ಇನ್ನೂ ನನ್ನ ಹತ್ತಿರ ಇದೆ, ಹನ್ನೊಂದು ಫ್ರೇಮು. ಬರ್ನಾದ ಬಲ್ಬಿಗೆ ನೀರು ತುಂಬಿಸಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ಅಪ್ಪನ ಪಂಚೆಯ ಮೇಲೆ ಅದನ್ನು ಬಿಡುತ್ತಿದ್ದೆ. ಮೊನ್ನೆ ಪೊಟ್ಟಣ ಬಿಚ್ಚಿದಾಗ ಹುಳಿ ವಾಸನೆ ಬಂತು. ಹಸಿರು, ನೀಲಿ ಎಲ್ಲ ಹೋಗಿ ಬರೀ ಕೆಂಪು ಉಳಿದಿದೆ. ಕಿಟಕಿಗೆ ಹಿಡಿದೆ. ಬಾಗಿಲ ಬಳಿ ನಿಂತ ಹೆಂಗಸೊಬ್ಬಳು ಹನ್ನೊಂದು ಫ್ರೇಮಿನುದ್ದಕ್ಕೂ ತಲೆಯನ್ನು ಚೂರೇ ಚೂರು ತಿರುಗಿಸುತ್ತಾಳೆ.