ಫ್ರೇಮಿನ ಲೆಕ್ಕ, ಗಡಿಯಾರದ ಲೆಕ್ಕ

ಕಲ್ಲು ಕ್ವಾರಿಯ ಲಾರಿಗಳು ಶಾಲೆ ಬಿಡುವ ಹೊತ್ತಿಗೇ ಊರೊಳಗೆ ನುಗ್ಗುತ್ತವೆ ಎಂಬುದು ಊರವರ ದೂರು. ಇಲ್ಲ, ಮಕ್ಕಳು ಮನೆ ಸೇರಿದ ಮೇಲೆಯೇ ಬರುತ್ತೇವೆ ಎಂಬುದು ಲಾರಿಯವರ ಮಾತು. ಸಾಕ್ಷಿಯಾಗಿ ನಮಗೆ ಸಿಕ್ಕಿದ್ದು ಮೋಡ ಕವಿದ ಸಂಜೆಗಳಲ್ಲಿ ಮೊಬೈಲಿನಿಂದ ತೆಗೆದ ಕೆಲವು ವಿಡಿಯೊ. ಓಪನ್‌ಸಿವಿ ಬಳಸಿ ಚಿಕ್ಕದೊಂದು ಪೈಥಾನ್ ಪ್ರೋಗ್ರಾಂ ಬರೆದು, ಯಾವ ಲಾರಿ ಎಷ್ಟು ಹೊತ್ತಿಗೆ ಬಂತು ಅಂತ ಪಟ್ಟಿ ಮಾಡಲು ಕೂತೆವು.

ಒಂದು ವಿಡಿಯೊದಲ್ಲಿ ಪ್ರೋಗ್ರಾಂ ನಡುವೆಯೇ ನಿಂತಿತು. ಅದೇ ವಿಡಿಯೊ ವಿಎಲ್‌ಸಿಯಲ್ಲಿ ಕೊನೆತನಕ ಸಲೀಸಾಗಿ ಓಡುತ್ತಿತ್ತು. ಪ್ಲೇಯರ್‌ಗಳು ಕೆಟ್ಟ ಫ್ರೇಮ್ ಸಿಕ್ಕರೆ ಹೇಗೋ ದಾಟಿಕೊಂಡು ಹೋಗುತ್ತವೆ. ಓಪನ್‌ಸಿವಿ ಮಾತ್ರ ‘ಫ್ರೇಮ್ ಸಿಗಲಿಲ್ಲ’ ಎಂದಷ್ಟೇ ಹೇಳುತ್ತದೆ. ವಿಡಿಯೊ ಮುಗಿಯಿತೋ, ನಡುವೆ ಕೆಟ್ಟಿದೆಯೋ ಎಂದು ನಾವೇ ಪತ್ತೆ ಮಾಡಬೇಕು. ಅದು ತೋರಿಸುವ ಒಟ್ಟು ಫ್ರೇಮ್ ಸಂಖ್ಯೆಯನ್ನೂ ನಂಬುವಂತಿಲ್ಲ. ಎಷ್ಟೋ ಸಲ ಅದು ವಿಡಿಯೊದ ಅವಧಿ ಮತ್ತು ವೇಗ ಗುಣಿಸಿ ಹೇಳಿದ ಅಂದಾಜು. ಎಫ್‌ಎಫ್‌ಪ್ರೋಬ್‌ನಲ್ಲಿ ಫ್ರೇಮುಗಳನ್ನು ಒಂದೊಂದಾಗಿ ಬಿಡಿಸಿ ಎಣಿಸಿದಾಗಲೇ ನಿಜ ಲೆಕ್ಕ ಸಿಕ್ಕಿದ್ದು.

ಆ ಲೆಕ್ಕ ನೋಡುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಫ್ರೇಮಿನ ಸಂಖ್ಯೆಯನ್ನು 30ರಿಂದ ಭಾಗಿಸಿದರೆ ಸೆಕೆಂಡು ಸಿಗುತ್ತದೆ ಎನ್ನುವುದು, ಸೆಕೆಂಡಿಗೆ ಸರಿಯಾಗಿ 30 ಫ್ರೇಮ್ ಇದ್ದರೆ ಮಾತ್ರ ನಿಜ. ಬೆಳಕು ಕಮ್ಮಿಯಾದರೆ ಎಷ್ಟೋ ಮೊಬೈಲುಗಳು ತಾವಾಗಿಯೇ ಆ ವೇಗ ಇಳಿಸುತ್ತವೆ. ಸೆಕೆಂಡಿಗೆ 24ರಂತೆ 10 ನಿಮಿಷ ತೆಗೆದರೆ ಆಗುವುದು 14,400 ಫ್ರೇಮ್. ಅದನ್ನು 30ರಿಂದ ಭಾಗಿಸಿದರೆ ಬರುವುದು 8 ನಿಮಿಷ. ಅಂದರೆ ಹತ್ತನೇ ನಿಮಿಷಕ್ಕೆ ಬಂದ ಲಾರಿ ನಮ್ಮ ಪಟ್ಟಿಯಲ್ಲಿ ಎಂಟಕ್ಕೇ ಬಂದಂತೆ ಕಾಣುತ್ತದೆ, ಶಾಲೆ ಬಿಟ್ಟ ಹೊತ್ತಿಗೆ ಇನ್ನೂ ಹತ್ತಿರ.

ಈ ತಪ್ಪು ಊರವರ ಪರವಾಗಿಯೇ ವಾಲುತ್ತದೆ. ನಮ್ಮ ಮನಸ್ಸೂ ಊರವರ ಕಡೆಗೇ ಇತ್ತು. ಹಾಗಂತ ಬಿಟ್ಟುಬಿಟ್ಟರೆ, ನಾಳೆ ಒಂದು ಲಾರಿಯ ಸಮಯ ಸುಳ್ಳೆಂದು ತೋರಿಸಿದವರು ಊರವರ ಇಡೀ ದೂರನ್ನೇ ತಳ್ಳಿಹಾಕಬಹುದು.

ಹಾಗಾಗಿ ಮೂಲ ವಿಡಿಯೊ ಮುಟ್ಟದೆ, ನಕಲು ಇಟ್ಟುಕೊಂಡು ಕೆಲಸ ಮಾಡಿದೆವು. ಬೇಕಾದ ಜಾಗಕ್ಕೆ ಜಿಗಿಯದೆ ಮೊದಲಿನಿಂದ ಸಾಲಾಗಿ ಓದಿಸಿದೆವು. ಹೆಚ್ಚಿನ ಫ್ರೇಮುಗಳಲ್ಲಿ ಇರುವುದು ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಎಂಬುದಷ್ಟೇ, ಜಿಗಿದರೆ ಬೇರೆ ಫ್ರೇಮಿಗೆ ಹೋಗಿ ಬೀಳುವ ಸಂಭವವಿದೆ. ಭಾಗಾಕಾರ ಬಿಟ್ಟು, ಪ್ರತಿ ಫ್ರೇಮಿನ ಜೊತೆ ವಿಡಿಯೊದಲ್ಲೇ ದಾಖಲಾಗಿರುವ ಸಮಯ ತೆಗೆದುಕೊಂಡೆವು. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ವಿಡಿಯೊ ಕುಗ್ಗಿ ಬದಲಾಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಊರವರನ್ನು ಕೇಳಿಕೊಂಡೆವು.

ಸಮಯ ಸರಿಪಡಿಸಿದ ಮೇಲೆ ಕೆಲವು ಲಾರಿಗಳು ಶಾಲೆ ಬಿಡುವ ಹೊತ್ತಿನಿಂದ ಹೊರಗೆ ಹೋದವು, ಉಳಿದವು ಅಲ್ಲೇ ನಿಂತವು. ವರದಿಯಲ್ಲಿ ಎರಡನ್ನೂ ಬರೆದೆವು. ಓದಲಾಗದ ಫ್ರೇಮುಗಳ ಎದುರು ಸೊನ್ನೆ ಹಾಕಲಿಲ್ಲ, ‘ಓದಲಾಗಿಲ್ಲ’ ಎಂದೇ ಬರೆದೆವು. ಅಷ್ಟು ಸೆಕೆಂಡುಗಳಲ್ಲಿ ಲಾರಿ ಬಂದಿಲ್ಲ ಎನ್ನಲು ನಮ್ಮ ಹತ್ತಿರ ಆಧಾರವಿಲ್ಲ, ಬಂದಿದೆ ಎನ್ನಲೂ ಇಲ್ಲ.