ಸಹಿ ಇಲ್ಲದ ಚೀಟಿ

ಕೀರ್ಸಾವ್ ಮಠವನ್ನು ಬವೇರಿಯಾದ ನಕ್ಷೆಯಲ್ಲಿ ಹುಡುಕಿದರೆ ಸಿಗದು. ಅದು ಇರುವುದು ‘ಪೆಂಟಿಮೆಂಟ್’ ಎಂಬ ವಿಡಿಯೋ ಗೇಮಿನೊಳಗೆ. ಅಮೆರಿಕದ ಆಬ್ಸಿಡಿಯನ್ ಸಂಸ್ಥೆ 2022ರ ನವೆಂಬರ್‌ನಲ್ಲಿ ಹೊರತಂದ ಈ ಆಟದ ನಿರ್ದೇಶಕ ಜಾಶ್ ಸಾಯರ್. ಕತ್ತಿ ಬೀಸುವ ಗದ್ದಲ ಇಲ್ಲಿಲ್ಲ. ಆಡುವವರು ಹೆಚ್ಚಾಗಿ ಮಾಡುವುದು ಓದು, ಅದೂ ಬೇರೆಯವರ ಕೈಬರಹದ ಓದು.

ಕಾಲ 1518. ಹಸ್ತಪ್ರತಿಗಳಿಗೆ ಚಿತ್ರ ಬರೆಯುವ ಆಂಡ್ರಿಯಾಸ್ ಮಾಲರ್ ಮಠದಲ್ಲಿ ಕೆಲಸಕ್ಕಿದ್ದಾನೆ. ಅತಿಥಿಯಾಗಿ ಬಂದ ಬ್ಯಾರನ್ ಕೊಲೆಯಾಗುತ್ತಾನೆ. ಅಪವಾದ ಮುದಿ ಸನ್ಯಾಸಿ ಪಿಯೆರೊನ ತಲೆಗೆ. ಆಂಡ್ರಿಯಾಸ್ ಕೆದಕುತ್ತ ಹೋದರೆ ಸಿಗುವುದು ಚೀಟಿಗಳು. ಬ್ಯಾರನ್ ಮೇಲೆ ಹಗೆಯಿದ್ದವರ ಹಳೆ ಗಾಯ ಕೆರೆದು, ಸಹಿ ಹಾಕದೆ, ಯಾರೋ ಗುಟ್ಟಾಗಿ ಮುಟ್ಟಿಸಿದ್ದಾರೆ.

ಆಟದಲ್ಲಿ ಪಾತ್ರಗಳಿಗೆ ದನಿಯಿಲ್ಲ, ಲಿಪಿಯೇ ದನಿ. ಸನ್ಯಾಸಿಗಳ ಮಾತು ಮೊನಚು ಗಾಥಿಕ್ ಅಕ್ಷರಗಳಲ್ಲಿ ಮೂಡಿದರೆ ರೈತರದು ಒರಟು ಗೀಚು. ಮುದ್ರಣಕಾರ ಕ್ಲಾಸ್ ಬಾಯಿಬಿಟ್ಟರೆ ಅಚ್ಚುಮೊಳೆ ಒತ್ತಿದ ಸದ್ದು! ಕಾಗುಣಿತ ತಪ್ಪುತ್ತದೆ, ಕಣ್ಣೆದುರೇ ತಿದ್ದಿಕೊಳ್ಳುತ್ತದೆ. ದೇವರ ಹೆಸರಿಗೆ ಕೆಂಪು ಶಾಯಿ. ಹಳ್ಳಿಗನೆಂದು ಆಂಡ್ರಿಯಾಸ್ ಅಂದುಕೊಂಡವನು ಓದು ಬಲ್ಲವನೆಂದು ತಿಳಿದರೆ ಅವನ ಮಾತಿನ ಲಿಪಿಯೇ ಬದಲು. ಕೈಬರಹ ನೋಡಿ ಹಣೆಬರಹ ಹೇಳುವ ಇಂಥ ಊರಿನಲ್ಲಿ, ಬರಹವಿದ್ದೂ ಮುಖವಿಲ್ಲದ ಚೀಟಿಗಿಂತ ಭಯದ ವಸ್ತು ಬೇರೆ ಯಾವುದಿದೆ?

ಅಮೆರಿಕದ ಬಾಸ್ಟನ್ನಿನ ಓಲ್ಡ್ ನಾರ್ತ್ ಚರ್ಚಿನ ಕಥೆ ಈ ಮುಖವಿಲ್ಲದ ಚೀಟಿಯ ತಿರುಗುಮುರುಗು. 1775ರ ಏಪ್ರಿಲ್ 18ರ ರಾತ್ರಿ ಅದರ ಗೋಪುರದಲ್ಲಿ ಎರಡು ಲಾಟೀನು ಹೊತ್ತಿದವು. ಬೆಳಕು ಯಾರ ಕಣ್ಣಿಗೂ ಬೀಳಬಹುದಿತ್ತು. ಬ್ರಿಟಿಷ್ ಪಡೆ ನೀರು ದಾಟಿ ಬರುತ್ತಿದೆ ಎಂಬ ಅರ್ಥ ಮಾತ್ರ ಬಲ್ಲವರಿಗೇ ಗೊತ್ತು. ಕೀರ್ಸಾವ್‌ನ ಚೀಟಿಯಲ್ಲಿ ಅರ್ಥ ನಿಚ್ಚಳ, ಕೈ ಮಾತ್ರ ಮರೆ.

ಅನುಮಾನ ಮಠದತ್ತ ಹರಿಯುವುದು ಸಹಜ. ಚೆಂದದ ಅಕ್ಷರದ ಕಣಜವೇ ಅದು. ಸನ್ಯಾಸಿಗಳೂ ಸನ್ಯಾಸಿನಿಯರೂ ಒಂದೇ ಆವರಣದಲ್ಲಿರುವ ಇಂಥ ಜೋಡಿಮಠ ಆ ಹೊತ್ತಿಗೆ ಅಪರೂಪ. ಗುಟೆನ್‌ಬರ್ಗ್ ಬೈಬಲ್ ಅಚ್ಚಾಗಿ ಅರವತ್ತು ವರ್ಷ ಕಳೆದರೂ ಇಲ್ಲಿ ಗರಿಲೇಖನಿಯದೇ ದರ್ಬಾರು. ಕಾಲಕ್ಕೆ ಹೊಂದದ ಮಠವನ್ನು ಸಾಯರ್ ಬೇಕೆಂದೇ ಕಟ್ಟಿದ್ದು. ಉಂಬರ್ಟೊ ಎಕೊ 1980ರಲ್ಲಿ ಬರೆದ ಮಠದ ಕೊಲೆಗಳ ಕಾದಂಬರಿಯ ಋಣವೂ ಎದ್ದು ಕಾಣುತ್ತದೆ. ಇತಿಹಾಸಕಾರರು ಹುಬ್ಬೇರಿಸಲಿ, ಕಥೆಗೆ ಅದರಿಂದ ಲಾಭವೇ.

ಚೀಟಿಗಳ ಹಿಂದಿನ ಕೈ ಯಾರದೆಂದು ಇಲ್ಲಿ ಬರೆದರೆ ಆಡಲಿರುವವರ ಶಾಪ ತಟ್ಟೀತು. ಆ ಕೈಯನ್ನು ಆಟ ಕೊನೆಗೆ ತೋರಿಸುತ್ತದೆ. ಬ್ಯಾರನ್‌ನನ್ನು ಕೊಂದವರು ಯಾರೆಂದು ಮಾತ್ರ ಕಡೆಯವರೆಗೂ ಖಚಿತವಾಗಿ ಹೇಳುವುದಿಲ್ಲ.