ಗ್ವಾಡೀ ಮ್ಯಾಲಿನ ಕೌದಿ

ಹ್ವಾದ ತಿಂಗಳ ಬೆಂಗಳೂರಿಗೆ ಮಗಳ ಮನೀಗೆ ಹೋಗಿದ್ನೆಲ್ಲಾ, ಅಲ್ಲೆ ಒಂದ ಸಣ್ಣ ಆರ್ಟ್ ಗ್ಯಾಲರಿಗೆ ಕರಕೊಂಡ ಹೋದ್ಲು. ಎರಡ ಖೋಲಿ ಅಷ್ಟ. ಒಬ್ಬರ ಚಿತ್ರ ಅಲ್ಲ, ಏಳೆಂಟ ಮಂದಿ ಕೂಡಿ ಒಂದ ವಿಷಯ ಹಿಡದು ಮಾಡಿದ್ದು. ಈ ಸಲದ ವಿಷಯ ಬಟ್ಟೆ. ಒಬ್ಬಾಂವ ಹರಕ ಬನಿಯನ್ನಿನ ಫೋಟೋ ಹಾಕಿದ್ದ, ಇನ್ನೊಬ್ಬಾಕಿ ಮಾಳಗಿಯಿಂದ ಕೆಂಪ ದಾರ ಜೋತಬಿಟ್ಟಿದ್ಲು. ಖರೇ ಹೇಳತೀನಿ, ನನಗೇನೂ ತಿಳೀಲಿಲ್ಲ. ಕಾಲ ಬ್ಯಾರೆ ನೋಯತಿದ್ವು.

ಒಳಗಿನ ಖೋಲ್ಯಾಗ ಹೋದ್ರ ಗ್ವಾಡೀ ಮ್ಯಾಲೆ ಕೌದಿ! ನಮ್ಮ ಹಳಿಯಾಳ ಕಡೆ ಸಿದ್ದಿ ಹೆಣ್ಣಮಕ್ಕಳು ಹೊಲದದ್ದು. ಅವರು ಅಂಚಿನಿಂದ ಶುರು ಮಾಡಿ ಸುತ್ತ ಹೊಲಕೋತ ನಡುವಿಗೆ ಬರತಾರ. ನಾಕೂ ಮೂಲಿಗೆ ಅರಿವಿ ಮಡಚಿ ಹೂವು ಕೂಡಸತಾರ, ಅದಿಲ್ಲಂದ್ರ ಕೌದಿ ಬೆತ್ತಲೆ ಅಂತಾರಂತ. 2011ರಾಗ ನ್ಯೂಯಾರ್ಕಿನ ಷೋಂಬರ್ಗ್ ಸೆಂಟರಿನ್ಯಾಗೂ ಇಂಥಾ ಕೌದಿ ಪ್ರದರ್ಶನಕ್ಕ ಇಟ್ಟಿದ್ರು. ಇದನ್ನ ನೋಡಿದ ಮ್ಯಾಲೆ ಹೊಳ್ಳಿ ಹೋಗಿ ಆ ಬನಿಯನ್ ಇನ್ನೊಮ್ಮೆ ನೋಡಿ ಬಂದೆ.

ನಮ್ಮವ್ವನೂ ಒಂದ ಕೌದಿ ಹೊಲದಿದ್ಲು, ನನ್ನ ಬಾಣಂತನಕ್ಕ. ಅದರಾಗ ಹನ್ನೊಂದ ಹಳೇ ಸೀರಿ. ಅಕಿ ತೀರಿಕೊಂಡ ವರ್ಷ ಸುಣ್ಣಾ ಬಣ್ಣಾ ಮಾಡೋವಾಗ, ಮುಗ್ಗಲ ವಾಸನಿ ಅಂತ ಪಾತ್ರಿ ಮಾರಾಕಿಗೆ ಕೊಟ್ಟಬಿಟ್ಟೆ. ಒಂದ ಸ್ಟೀಲ್ ಡಬ್ಬಿ ಬಂತು. ಈಗ ಅದರಾಗ ಅವಲಕ್ಕಿ ಇಡತೀನಿ.

"ಅವ್ವಾ, ಮುಟ್ಟಬಾರದು" ಅಂದ್ಲು ಮಗಳು. ಅಷ್ಟರಾಗ ಮುಟ್ಟಿದ್ದೆ.

ಊರಿಗೆ ಬಂದ ಮ್ಯಾಲೆ ಟ್ರಂಕಿನ್ಯಾಗಿಂದ ಅವ್ವನ ಎರಡ ಸೀರಿ ತಗದಿಟ್ಟೀನಿ. ಓಣ್ಯಾಗ ಯಾರಿಗರೆ ಕೌದಿ ಹೊಲ್ಯಾಕ ಬರತಿದ್ರ ಮಧ್ಯಾಹ್ನ ಬರ್ರಿ, ಚಹಾ ಮಾಡತೀನಿ.